ಎತ್ತಿಕೊಂಡರೆ ಕೆಟ್ಟೀತೆ ಕೂಸು?

ಚೊಚ್ಚಲ ಬಾಣಂತನದ ಮನೆಗೆ ಕೂಸನ್ನು ನೋಡಲೆಂದು ಬಂದ ಹಿರಿಯರು, ಅದರ ಪುಟ್ಟ ಮುಷ್ಟಿಯೊಳಗೆ ನೋಟೊಂದನ್ನಿರಿಸಿ ಹೊರಡುವ ಮುನ್ನ, ತಪ್ಪದೆ ಹೇಳಿಹೋಗುವ ಬುದ್ಧಿವಾದವೊಂದುಂಟು: "ಅತ್ತಾಗಲೆಲ್ಲ ಎತ್ತಿಕೊಳ್ಳಬೇಡಮ್ಮ, ಕೈ ಅಭ್ಯಾಸವಾಗಿಬಿಡುತ್ತೆ." ಆ ಮಾತನ್ನು ಶಿರಸಾವಹಿಸಿ, ತೊಟ್ಟಿಲಲ್ಲಿ ಮುಖ ಕೆಂಪಾಗಿಸಿಕೊಂಡು ಕಿರಿಚುತ್ತಿರುವ ಕೂಸಿನ ಮುಂದೆ ಕೈಕಟ್ಟಿ ನಿಂತು, ಎತ್ತಿದರೆ ತಪ್ಪು, ಎತ್ತದಿದ್ದರೆ ಕರುಳಿಗೆ ಸಂಕಟ ಎಂದು ತೊಳಲಾಡುವ ಹೊಸ ತಾಯ್ತಂದೆಯರಿಗೆ ನಾನು ಹೇಳಬಯಸುವುದಿಷ್ಟೆ: ಮೊದಲ ಮೂರು ನಾಲ್ಕು ತಿಂಗಳಲ್ಲಿ ಎತ್ತಿಕೊಂಡದ್ದರಿಂದ ಕೆಟ್ಟ ಕೂಸಿಲ್ಲ, ಧಾರಾಳವಾಗಿ ಎತ್ತಿಕೊಳ್ಳಿ.

ಶಿಶುವಿನ ಅಳುವಿಗೆ ತನ್ನದೇ ಆದ ಗತಿಯೊಂದುಂಟು. ಅಮೆರಿಕದ ಶಿಶುವೈದ್ಯ ಬ್ರೆಜಲ್ಟನ್ 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 80 ಶಿಶುಗಳ ತಾಯಂದಿರು ಬರೆದಿಟ್ಟ ದಿನಚರಿಯ ಪ್ರಕಾರ, ಎರಡನೆಯ ವಾರದಲ್ಲಿ ದಿನಕ್ಕೆ ಎರಡು ಗಂಟೆಯಷ್ಟಿದ್ದ ಅಳು ಆರನೆಯ ವಾರದ ಹೊತ್ತಿಗೆ ಮೂರು ಗಂಟೆಯ ಸಮೀಪಕ್ಕೇರಿ, ಅನಂತರ ತಾನಾಗಿಯೇ ಇಳಿಯುತ್ತ ಹೋಯಿತು. ಅದರಲ್ಲಿಯೂ ಸಂಜೆಯ ಪಾಲೇ ಅಧಿಕ. ಇವೆಲ್ಲ ಆರೋಗ್ಯವಂತ ಶಿಶುಗಳೇ. ಮುಸ್ಸಂಜೆಯಾಗುತ್ತಲೆ ಕೂಸು ರಚ್ಚೆ ಹಿಡಿಯುವುದೆಂಬುದನ್ನು ನಮ್ಮ ಅಜ್ಜಿಯರು ಯಾವ ವೈದ್ಯಪತ್ರಿಕೆಯನ್ನೂ ಓದದೆ ಬಲ್ಲವರಾಗಿದ್ದು, ದೃಷ್ಟಿ ತಾಗಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಕಾರಣದಲ್ಲಿ ಎಡವಿದರೂ ವೇಳೆಯನ್ನು ಅವರು ಸರಿಯಾಗಿ ಗುರುತಿಸಿದ್ದರೆನ್ನಬೇಕು. (ಆ ಘಾಟು ಮಾತ್ರ ಕೂಸಿನ ಮೂಗಿನಿಂದ ದೂರವಿರಲಿ.)

ಎತ್ತಬಾರದೆಂಬ ಹಠ ನಮ್ಮ ಹಿರಿಯರದು ಮಾತ್ರವಲ್ಲ. ವರ್ತನವಾದದ ಪ್ರವರ್ತಕನಾದ ಜಾನ್ ವಾಟ್ಸನ್ 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಗ್ರಂಥದಲ್ಲಿ, ಮಕ್ಕಳನ್ನು ಅಪ್ಪುವುದೂ ಮುದ್ದಿಡುವುದೂ ತೊಡೆಯ ಮೇಲೆ ಕೂರಿಸಿಕೊಳ್ಳುವುದೂ ವರ್ಜ್ಯವೆಂದು ವಿಧಿಸಿ, ಬೆಳಗಾದಾಗ ಕೈಕುಲುಕಿದರೆ ಸಾಕೆಂದು ಉಪದೇಶಿಸಿದ್ದನು. ಇಂಥ ಶುಷ್ಕೋಪದೇಶಕ್ಕೆ ಉತ್ತರವೆಂಬಂತೆ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹುಂಜಿಕರ್ ಮತ್ತು ಬಾರ್ ಎಂಬ ವೈದ್ಯರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತ್ತಾಗ ಮಾತ್ರವಲ್ಲದೆ ಅಳದಿದ್ದಾಗಲೂ ದಿನಕ್ಕೆ ಕನಿಷ್ಠ ಮೂರು ಗಂಟೆ ಎತ್ತಿಕೊಂಡಿರುವಂತೆ ಕೆಲವು ತಾಯಂದಿರಿಗೆ ಸೂಚಿಸಲಾಗಿ, ಆರನೆಯ ವಾರದಲ್ಲಿ ಆ ಶಿಶುಗಳ ಅಳು ಉಳಿದವುಗಳದಕ್ಕಿಂತ ಶೇಕಡಾ 43ರಷ್ಟು ಕಡಿಮೆಯಾಗಿತ್ತು.

ಎತ್ತುವುದಕ್ಕೂ ಒಂದು ಕ್ರಮವುಂಟು. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ಕುಮಿ ಕುರೊಡಾ ಮತ್ತು ಸಂಗಡಿಗರು 2013ರಲ್ಲಿ ತೋರಿಸಿಕೊಟ್ಟಂತೆ, ತಾಯಿ ಕೂಸನ್ನೆತ್ತಿಕೊಂಡು ಸುಮ್ಮನೆ ಕುಳಿತಾಗ ಆಗದ್ದು ಎದ್ದು ನಡೆದಾಗ ಆಗುತ್ತದೆ: ಕೈಕಾಲುಗಳ ಒದ್ದಾಟ ನಿಂತು, ಹೃದಯದ ಬಡಿತ ನಿಧಾನವಾಗುತ್ತದೆ. ನಿದ್ದೆ ಹತ್ತಿತೆಂದು ಒಡನೆಯೇ ಹಾಸಿಗೆಗಿಳಿಸಿದರೆ ಮತ್ತೆ ಕಣ್ಣು ಬಿಟ್ಟು ರಾಗ ತೆಗೆಯುವ ಅನುಭವ ಯಾವ ಮನೆಯಲ್ಲಿಲ್ಲ? ಐದು ನಿಮಿಷ ನಡೆದು, ನಿದ್ರಿಸಿದ ಕೂಸನ್ನು ಮತ್ತೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತು, ತರುವಾಯ ಮಲಗಿಸಬೇಕೆಂಬುದು ಅದೇ ತಂಡದವರು 2022ರಲ್ಲಿ ಕೊಟ್ಟ ಸಲಹೆ. ಇದಕ್ಕೆ ಮೊದಲು ಹಸಿವೆಯೋ, ಬಟ್ಟೆ ಒದ್ದೆಯೋ, ಸೆಕೆಯೋ ಎಂದು ನೋಡುವುದೂ, ಹಾಲು ಕುಡಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ತರಿಸುವುದೂ ಆಗಿರಬೇಕು. ಜೋಗುಳದ ಕಂಠ ಸುಶ್ರಾವ್ಯವಾಗಿರಬೇಕೆಂದಿಲ್ಲ. ಒಂದೇ ಲಯದ ಗುನುಗು ಸಾಕು, ಅಪ್ಪನ ಗಡಸು ದನಿಯಾದರೂ ಆದೀತು. ಕಲಘಟಗಿಯ ಬಣ್ಣದ ತೊಟ್ಟಿಲಿರಲಿ, ಹಳೆಯ ಸೀರೆಯ ಜೋಲಿಯಿರಲಿ, ತೂಗಿ ಸಮಾಧಾನಪಡಿಸುವುದು ಒಳ್ಳೆಯದೇ; ಆದರೆ ಜೋಲಿಯಲ್ಲಿ ಕೂಸಿನ ಕತ್ತು ಎದೆಗೆ ಬಾಗಿ ಉಸಿರಿಗೆ ತಡೆಯಾಗುವ ಸಂಭವವುಂಟಾದ್ದರಿಂದ, ದೀರ್ಘನಿದ್ರೆಗೆ ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸುವುದೇ ಕ್ಷೇಮ.

ಮದ್ದಿನ ವಿಷಯದಲ್ಲಿ ನಾನು ತುಸು ಕಠಿಣ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವುಡ್‌ವರ್ಡ್ ಎಂಬಾತ ರೂಪಿಸಿದ ಗ್ರೈಪ್ ವಾಟರಿನಲ್ಲಿ ಬಹುಕಾಲ ಮದ್ಯಸಾರವೂ ಇತ್ತೆಂದರೆ, ಅದನ್ನು ಕುಡಿದ ಶಿಶುಗಳು ಶಾಂತವಾದುದರಲ್ಲಿ ಆಶ್ಚರ್ಯವಿಲ್ಲ. ಆರು ತಿಂಗಳು ತುಂಬುವ ತನಕ ತಾಯಿಯ ಹಾಲಲ್ಲದೆ ಓಮದ ನೀರೂ ಬೇಡ, ತೇಯ್ದ ಬಜೆಯೂ ಬೇಡ. ಜೇನಂತೂ ವರ್ಷ ತುಂಬುವವರೆಗೆ ನಿಷಿದ್ಧ.

ಇಷ್ಟೆಲ್ಲ ಮಾಡಿದರೂ ಅಳು ನಿಲ್ಲದ ಕೂಸುಗಳುಂಟು. ಹೊಟ್ಟೆನುಲಿತವೆಂದು ವೈದ್ಯರ ಬಳಿಗೆ ಬಂದ ಶಿಶುಗಳ ಮೇಲೆ ಬಾರ್ ಅವರೇ ಮುಂದೆ 1991ರಲ್ಲಿ ಹೆಚ್ಚು ಹೊತ್ತು ಎತ್ತಿಕೊಳ್ಳುವ ಉಪಾಯವನ್ನೇ ಪರೀಕ್ಷಿಸಿದಾಗ ಫಲ ದೊರೆಯಲಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರವಿದ್ದರೆ, ಹಾಲನ್ನು ಒಲ್ಲೆನೆಂದರೆ, ಹಸಿರಾಗಿ ವಾಂತಿಯಾದರೆ, ಮೈ ಜೋತುಬಿದ್ದರೆ ಆ ಕ್ಷಣವೇ ಆಸ್ಪತ್ರೆಗೊಯ್ಯತಕ್ಕದ್ದು. ಇವಾವುವೂ ಇಲ್ಲದೆ ಬರಿಯ ಅಳುವೇ ಆಗಿದ್ದು, ನಿದ್ದೆಗೆಟ್ಟ ತಾಯಿಯ ಅಥವಾ ತಂದೆಯ ತಾಳ್ಮೆ ಮೀರುವ ಹಂತ ಬಂದರೆ, ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಬಂದು ನಿಲ್ಲುವುದು ಸರ್ವಥಾ ತಪ್ಪಲ್ಲ. ಸಿಟ್ಟಿನಲ್ಲಿ ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣಕ್ಕೇ ಎರವಾದೀತು. ಇಬ್ಬರೇ ಇರುವ ಫ್ಲ್ಯಾಟಿನ ಸಂಸಾರದಲ್ಲಿ ಪಕ್ಕದ ಮನೆಯವರನ್ನಾದರೂ ಕರೆದು ಕೂಸನ್ನು ಕೈಗೆ ಕೊಡಲು ಸಂಕೋಚವೇತಕ್ಕೆ? ತವರಿನ ಬಾಣಂತನದಲ್ಲಿ ಅಜ್ಜಿ, ಅತ್ತಿಗೆ, ಚಿಕ್ಕಮ್ಮಂದಿರು ಸರದಿಯ ಮೇಲೆ ಹೊತ್ತು ತಿರುಗುತ್ತ ಮಾಡುತ್ತಿದ್ದುದು ಇದನ್ನೇ.