ಹಳೇ ಯೆಜ್ಡಿ, ಆರ್‌ಎಕ್ಸ್ 100ಗೆ ಕೋನ್ ಫಿಲ್ಟರ್ ಹಾಕಿದರೆ ಮೈಲೇಜ್, ಪಿಕಪ್ ಎರಡೂ ಹೆಚ್ಚುತ್ತವೆಯೇ?

ಸಾರಾಂಶ

ಹಳೆಯ ಬೈಕಿನ ಏರ್ ಫಿಲ್ಟರ್ ಡಬ್ಬಿಯನ್ನು ಕಿತ್ತು ಹಾಕಿ, ಕಾರ್ಬುರೇಟರ್ ಬಾಯಿಗೇ ಕೋನ್ ಫಿಲ್ಟರ್ ಸಿಕ್ಕಿಸಿದರೆ ಮೈಲೇಜ್ ಮತ್ತು ಪಿಕಪ್ ಎರಡೂ ಹೆಚ್ಚುತ್ತವೆ ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿವೆ. ನಾವು ಪರಿಶೀಲಿಸಿದಾಗ ಈ ಹೇಳಿಕೆ ಬಹುತೇಕ ತಪ್ಪು ಎಂದು ಕಂಡುಬಂದಿದೆ. ಜೆಟ್ ಬದಲಿಸದೆ ಫಿಲ್ಟರ್ ಮಾತ್ರ ಬದಲಿಸಿದರೆ ಟೂ-ಸ್ಟ್ರೋಕ್ ಬೈಕಿನ ಎಂಜಿನ್ ಸೀಜ್ ಆಗಬಹುದು.

ಹೇಳಿಕೆ

"ಕಂಪನಿ ಫಿಲ್ಟರ್ ಗಾಳಿಯನ್ನು ತಡೆಯುತ್ತದೆ. ಕೋನ್ ಫಿಲ್ಟರ್ ಹಾಕಿ, ಎಂಜಿನ್ ಸರಾಗವಾಗಿ ಉಸಿರಾಡಲಿ. ಬೇರೇನೂ ಬದಲಿಸಬೇಕಿಲ್ಲ." ಇಂಥ ಸಂದೇಶಗಳ ತಿರುಳು ಇಷ್ಟು.

ಫ್ಯಾಕ್ಟ್ ಚೆಕ್

ನಮ್ಮ ಭಾಗದಲ್ಲಿ ಈ ಸಂದೇಶಕ್ಕೆ ಗಿರಾಕಿಗಳು ಹೆಚ್ಚು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಬೈಕ್‌ಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ತಾತನ ಯೆಜ್ಡಿ, ಅಪ್ಪನ ಆರ್‌ಎಕ್ಸ್ 100 ಇನ್ನೂ ಓಡುತ್ತಿವೆ. ಹಳೆಯ ಫಿಲ್ಟರ್ ಹಾಳಾಗಿ, ಅದೇ ಅಳತೆಯದ್ದು ಬೇಗ ಸಿಗದಿದ್ದಾಗ, ಅಂಗಡಿಯಲ್ಲಿ ಕಣ್ಣಿಗೆ ಬೀಳುವುದೇ ಕೆಂಪು, ನೀಲಿ ಬಣ್ಣದ ಕೋನ್ ಫಿಲ್ಟರ್.

ಗಾಳಿ ಹೆಚ್ಚು ಬಂದರೆ ಒಳ್ಳೆಯದಲ್ಲವೇ?

ಗಾಳಿ ಹೆಚ್ಚಾದರಷ್ಟೇ ಸಾಲದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕೂಡ ಬರಬೇಕು. 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ನೋಡಿದರೆ, 1 ಲೀಟರ್ ಪೆಟ್ರೋಲ್‌ಗೆ 9 ಸಾವಿರ ಲೀಟರ್‌ಗೂ ಹೆಚ್ಚು ಗಾಳಿ. ಅಂದರೆ ತಾರಸಿಯ ಮೇಲಿಡುವ 1000 ಲೀಟರ್‌ನ ಒಂಬತ್ತು ಟ್ಯಾಂಕ್ ತುಂಬುವಷ್ಟು!

ಹೊಸ ಬೈಕ್‌ಗಳಲ್ಲಿ ಸೆನ್ಸರ್ ಮತ್ತು ಇಸಿಯು ಈ ಲೆಕ್ಕವನ್ನು ನೋಡಿಕೊಳ್ಳುತ್ತವೆ. ಹಳೆಯ ಕಾರ್ಬುರೇಟರ್‌ಗೆ ಅಂಥ ಬುದ್ಧಿಯಿಲ್ಲ. ಎಂಜಿನ್ ಹೀರಿದಾಗ ಅದರ ಗಂಟಲಿನಲ್ಲಿ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಆಗ ಜೆಟ್‌ನ ಸಣ್ಣ ತೂತಿನಿಂದ ಪೆಟ್ರೋಲ್ ಮೇಲೇರುತ್ತದೆ. ಎಳನೀರಿಗೆ ಸ್ಟ್ರಾ ಹಾಕಿ ಜೋರಾಗಿ ಹೀರಿದರೆ ಹೆಚ್ಚು ನೀರು ಬರುತ್ತದೆ, ಮೆಲ್ಲಗೆ ಹೀರಿದರೆ ಕಡಿಮೆ. ಇದೂ ಹಾಗೆಯೇ.

ಕಂಪನಿ ಫಿಲ್ಟರ್ ಡಬ್ಬಿ ಗಾಳಿಗೆ ಸ್ವಲ್ಪ ತಡೆ ಒಡ್ಡುವುದು ನಿಜ. ಆ ತಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಜೆಟ್‌ನ ಅಳತೆಯನ್ನು ನಿಗದಿ ಮಾಡಿರುತ್ತಾರೆ. ಡಬ್ಬಿ ತೆಗೆದರೆ ಗಾಳಿ ಸುಲಭವಾಗಿ ನುಗ್ಗುತ್ತದೆ, ಜೆಟ್ ಮೇಲಿನ ಸೆಳೆತ ತಗ್ಗುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಮೆಕ್ಯಾನಿಕ್‌ಗಳು ಇದನ್ನು 'ಲೀನ್' ಎನ್ನುತ್ತಾರೆ.

ಮೈಲೇಜ್ ಹೆಚ್ಚಾಯಿತು ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ?

ಇಲ್ಲ. ಅದಕ್ಕೆ ಮೂರು ಕಾರಣಗಳಿರಬಹುದು.

ಮೊದಲನೆಯದು, ಅವರ ಹಳೆಯ ಫಿಲ್ಟರ್ ಧೂಳು ಕಟ್ಟಿಕೊಂಡಿರಬಹುದು. ಕಟ್ಟಿಕೊಂಡ ಫಿಲ್ಟರ್ ಇದ್ದರೆ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಅಂಥ ಬೈಕಿಗೆ ಯಾವ ಹೊಸ ಫಿಲ್ಟರ್ ಹಾಕಿದರೂ ಮೈಲೇಜ್ ಸುಧಾರಿಸುತ್ತದೆ. ಕಂಪನಿ ಮಾದರಿಯದ್ದೇ ಹಾಕಿದ್ದರೂ ಆಗುತ್ತಿತ್ತು.

ಎರಡನೆಯದು ಸದ್ದು. ಫಿಲ್ಟರ್ ಡಬ್ಬಿ ಎಂಜಿನ್ ಗಾಳಿ ಹೀರುವ ಸದ್ದನ್ನೂ ಅಡಗಿಸುತ್ತದೆ. ಡಬ್ಬಿ ಹೋದ ಮೇಲೆ ಆ ಗುಡುಗು ನೇರವಾಗಿ ಕಿವಿಗೆ ಬೀಳುತ್ತದೆ, ಪಿಕಪ್ ಹೆಚ್ಚಿದಂತೆ ಅನಿಸುತ್ತದೆ.

ಮೂರನೆಯದೇ ಅಪಾಯದ್ದು. ಮಿಶ್ರಣ ಲೀನ್ ಆದಾಗ ಸ್ವಲ್ಪ ಪೆಟ್ರೋಲ್ ನಿಜವಾಗಿಯೂ ಉಳಿಯಬಹುದು. ಆದರೆ ಬಹುತೇಕ ಜಾವಾ, ಯೆಜ್ಡಿಗಳಲ್ಲಿ 2ಟಿ ಆಯಿಲ್ ಅನ್ನು ಪೆಟ್ರೋಲ್ ಟ್ಯಾಂಕ್‌ಗೇ ಬೆರೆಸುತ್ತೇವೆ. ಪೆಟ್ರೋಲ್ ಕಡಿಮೆ ಹೋದರೆ ಪಿಸ್ಟನ್‌ಗೆ ಹೋಗುವ ಆಯಿಲ್ ಕೂಡ ಕಡಿಮೆ. ಉಳಿದದ್ದು ಪೆಟ್ರೋಲ್ ಮಾತ್ರವಲ್ಲ, ಪಿಸ್ಟನ್‌ನ ರಕ್ಷಣೆಯೂ ಹೌದು.

ಸೀಜ್ ಆದರೆ ಏನಾಗುತ್ತದೆ?

ಲೀನ್ ಮಿಶ್ರಣದಲ್ಲಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಪಿಸ್ಟನ್ ಹಿಗ್ಗಿ, ಆಯಿಲ್ ಪದರ ಹರಿದು, ಸಿಲಿಂಡರ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ಊರೊಳಗಿನ ನಿಧಾನದ ಓಡಾಟದಲ್ಲಿ ಇದು ಗೊತ್ತಾಗದೇ ಇರಬಹುದು. ಕುಣಿಗಲ್‌ನಿಂದ ಹಾಸನದ ಕಡೆಗೋ, ತುಮಕೂರಿನಿಂದ ಬೆಂಗಳೂರಿನ ಕಡೆಗೋ ಹೆದ್ದಾರಿಯಲ್ಲಿ ಆಕ್ಸಿಲರೇಟರ್ ತಿರುವಿಕೊಂಡೇ ಹೋಗುವಾಗ ಅಪಾಯ ಹೆಚ್ಚು. ಎಂಜಿನ್ ಕಚ್ಚಿದ ಕೂಡಲೇ ಹಿಂದಿನ ಚಕ್ರವೂ ನಿಲ್ಲುತ್ತದೆ, ಹಿಂದೆ ಲಾರಿ ಇರುತ್ತದೆ.

ಓಡುತ್ತಿರುವ ಬೈಕಿನ ಸದ್ದು ಇದ್ದಕ್ಕಿದ್ದಂತೆ ಕುಗ್ಗಿ, ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ಅನಿಸಿದರೆ ತಕ್ಷಣ ಕ್ಲಚ್ ಒತ್ತಿ, ಪಕ್ಕಕ್ಕೆ ತನ್ನಿ. ಎಂಜಿನ್ ಪೂರ್ತಿ ತಣಿಯುವವರೆಗೆ ಕಿಕ್ ಹೊಡೆಯಬೇಡಿ.

ಆರ್‌ಎಕ್ಸ್ 100ರಲ್ಲಿ ಆಯಿಲ್ ಪಂಪ್ ಬೇರೆ ಇರುವುದರಿಂದ ಆಯಿಲ್ ಕೊರತೆಯ ಭಯ ಕಡಿಮೆ. ಹಳೆಯ ಬುಲೆಟ್ ಫೋರ್-ಸ್ಟ್ರೋಕ್ ಆದ್ದರಿಂದ ಅದರ ಆಯಿಲ್ ವ್ಯವಸ್ಥೆಯೇ ಬೇರೆ. ಆದರೂ ಅತಿಯಾದ ಬಿಸಿಯ ಸಮಸ್ಯೆ ಎರಡಕ್ಕೂ ಇದೆ.

ಇ20 ಪೆಟ್ರೋಲ್‌ಗೂ ಇದಕ್ಕೂ ಏನು ಸಂಬಂಧ?

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಚಾಲನೆ ನೀಡಿದರು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದೂ ಅದೇ ದಿನ. ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ, ಹಳೆಯ ಜೆಟ್ ಇರುವ ಕಾರ್ಬುರೇಟರ್‌ನಲ್ಲಿ ಮಿಶ್ರಣ ಸ್ವಲ್ಪ ಲೀನ್ ಆಗಿಯೇ ಇರುತ್ತದೆ. ಅದರ ಮೇಲೆ ಕೋನ್ ಫಿಲ್ಟರ್ ಹಾಕಿದರೆ ಇನ್ನಷ್ಟು ಲೀನ್ ಆಗುತ್ತದೆ.

ನಮ್ಮ ಧೂಳಿಗೆ ಕೋನ್ ಫಿಲ್ಟರ್ ತಡೆಯುತ್ತದೆಯೇ?

ಸುಗ್ಗಿಯ ಕಾಲದಲ್ಲಿ ಹಳ್ಳಿ ರಸ್ತೆಯ ಮೇಲೆ ಹರಡಿದ ರಾಗಿ ತೆನೆಯ ಹೊಟ್ಟು, ಟ್ರ್ಯಾಕ್ಟರ್ ಎಬ್ಬಿಸುವ ಕೆಮ್ಮಣ್ಣು, ಜಲ್ಲಿ ಲಾರಿಯ ಪುಡಿ ಇವೆಲ್ಲವನ್ನೂ ಎಂಜಿನ್ ಹೀರುತ್ತದೆ. ಮಣ್ಣಿನ ಗಟ್ಟಿ ಕಣಗಳು ಸಿಲಿಂಡರ್ ಒಳಗೆ ಉಪ್ಪುಕಾಗದದಂತೆ ಉಜ್ಜುತ್ತವೆ, ಮತ್ತೆ ಬೋರ್ ಮಾಡಿಸುವ ಕಾಲ ಬೇಗ ಬರುತ್ತದೆ. ಬರೀ ತಂತಿ ಜಾಲರಿಯ ಅಗ್ಗದ ಕೋನ್ ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. ಜೊತೆಗೆ ಡಬ್ಬಿಯ ಮರೆ ಇಲ್ಲದ ಫಿಲ್ಟರ್ ಮಳೆಯಲ್ಲಿ ನೆನೆಯುತ್ತದೆ.

ಹಾಗಾದರೆ ಏನು ಮಾಡಬೇಕು?

• ಮೊದಲ ಆಯ್ಕೆ ಕಂಪನಿ ಅಳತೆಯ ಹೊಸ ಫಿಲ್ಟರ್. ಡಬ್ಬಿ ಗಟ್ಟಿಯಾಗಿದ್ದರೆ ಅದನ್ನು ಎಸೆಯಬೇಡಿ.

• ಕೋನ್ ಹಾಕಲೇಬೇಕಿದ್ದರೆ ಕಾರ್ಬುರೇಟರ್ ಬಾಯಿಯ ಹೊರ ಅಳತೆಗೆ ಸರಿಹೊಂದುವುದನ್ನೇ ಕೊಳ್ಳಿ. ಬಾಯಿಯ ಅಂಚಿನಲ್ಲಿರುವ ಸಣ್ಣ ಗಾಳಿ ತೂತುಗಳನ್ನು ಫಿಲ್ಟರ್‌ನ ರಬ್ಬರ್ ಮುಚ್ಚಬಾರದು.

• ದೊಡ್ಡ ಮೇನ್ ಜೆಟ್ ಹಾಕಿಸಿ, ನೀಡಲ್ ಹೊಂದಿಸಿ. ದೊಡ್ಡ ಜೆಟ್‌ನಿಂದ ಶುರುಮಾಡಿ ಒಂದೊಂದೇ ಅಳತೆ ಇಳಿಯುವುದು ಕ್ಷೇಮ. ಸಣ್ಣದರಿಂದ ಏರುತ್ತಾ ಹೋದರೆ ಆ ಪರೀಕ್ಷೆಯಲ್ಲೇ ಪಿಸ್ಟನ್ ಹೋಗಬಹುದು.

• ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣವಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಲೀನ್. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು.

• ಎಂಜಿನ್ ಬಿಸಿಯಾದ ಮೇಲೂ ಚೋಕ್ ಸ್ವಲ್ಪ ಎಳೆದಾಗ ಬೈಕ್ ಚೆನ್ನಾಗಿ ಎಳೆದರೆ ಅದು ಲೀನ್ ಇರುವ ಸೂಚನೆ.

• ಫೋಮ್ ಫಿಲ್ಟರ್ ಅನ್ನು ಸೋಪಿನ ನೀರಿನಲ್ಲಿ ತೊಳೆದು, ತಿರುಚದೆ ಹಿಂಡಿ, ನೆರಳಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ. ಒಣ ಫೋಮ್‌ಗೆ ನುಣ್ಣನೆಯ ಧೂಳು ಅಂಟುವುದಿಲ್ಲ.

• ಮೈಲೇಜ್ ಅನ್ನು ಅಂದಾಜಿನಲ್ಲಿ ಹೇಳಬೇಡಿ. ಟ್ಯಾಂಕ್ ಫುಲ್ ಮಾಡಿ, ಸುಮಾರು 20 ಕಿ.ಮೀ. ದೂರದ ತುಮಕೂರು–ಗುಬ್ಬಿ ರಸ್ತೆಯಲ್ಲಿ ನಾಲ್ಕೈದು ಬಾರಿ ಹೋಗಿ ಬಂದು, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿ.

ತೀರ್ಮಾನ

ಕೋನ್ ಫಿಲ್ಟರ್ ಹಾಕುವುದೇ ತಪ್ಪಲ್ಲ. "ಬೇರೇನೂ ಬದಲಿಸಬೇಕಿಲ್ಲ" ಎನ್ನುವುದು ತಪ್ಪು. ಫಿಲ್ಟರ್ ಬದಲಾದರೆ ಜೆಟ್ ಕೂಡ ಬದಲಾಗಬೇಕು. ಆದ್ದರಿಂದ ಈ ಹೇಳಿಕೆ ಬಹುತೇಕ ತಪ್ಪು. ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಯೆಜ್ಡಿ ಇಟ್ಟುಕೊಂಡಿರುವ ಗೆಳೆಯರಿಗೆ ಇದನ್ನೂ ಕಳುಹಿಸಿ.