ಪರಾಭವ ಸಂವತ್ಸರ: ಒಬ್ಬ ವೈದ್ಯನ ವರ್ಷಫಲ

"ಡಾಕ್ಟ್ರೇ, ಈ ಸಲ ಆರೋಗ್ಯದ ಲೇಖನ ಬೇಡ. ಸಕ್ಕರೆ ಕಾಯಿಲೆ, ಬಿ.ಪಿ. ಅಂತ ಓದಿ ಓದಿ ಜನರಿಗೆ ಅದೇ ಬರುವ ಹಾಗಾಗಿದೆ. ಪರಾಭವ ಸಂವತ್ಸರದ ಫಲ ಏನು ಅಂತ ಬರೆದುಕೊಡಿ" ಎಂದು ನಮ್ಮ ಸ್ಮರಣ ಸಂಚಿಕೆಯ ಸಂಪಾದಕರು ಫೋನಿನಲ್ಲಿ ಕೇಳಿದಾಗ ನನಗೆ ನಗು ಬಂತು. ನಾನು ಓದಿದ್ದು ಎಂಬಿಬಿಎಸ್, ಎಂಡಿ. ಜಾತಕ ಬಿಡಿಸಲು ಬರುವುದಿಲ್ಲ. ಹಾಗೆಂದರೆ ಅವರು ಬಿಡಲಿಲ್ಲ. "ನಿಮ್ಮ ತಂದೆ ಊರಿನಲ್ಲಿ ಪಂಚಾಂಗ ಓದುತ್ತಿದ್ದರಂತಲ್ಲ, ಅಷ್ಟು ಅರ್ಹತೆ ಸಾಕು" ಎಂದು ಫೋನ್ ಇಟ್ಟರು.

ನಿಜ, ನಮ್ಮ ಅಪ್ಪಯ್ಯ ಪಂಚಾಂಗ ಓದುತ್ತಿದ್ದರು. ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಅವರು ಯುಗಾದಿಯ ಸಂಜೆ ದೇವಸ್ಥಾನದ ಜಗುಲಿಯಲ್ಲಿ ಕುಳಿತು ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿದರೆ ಊರಿಗೆ ಊರೇ ಕಿವಿಯಾಗುತ್ತಿತ್ತು. ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಯಾವ ರಾಶಿಗೆ ಆಯ ಎಷ್ಟು, ವ್ಯಯ ಎಷ್ಟು. ಅಡಿಕೆ ತೋಟದ ಯಜಮಾನರೂ ಕೂಲಿಯಾಳುಗಳೂ ಒಟ್ಟಿಗೆ ಕುಳಿತು ಕೇಳುತ್ತಿದ್ದ ದಿನ ವರ್ಷದಲ್ಲಿ ಅದೊಂದೇ ಇರಬೇಕು.

ಹೆಸರಿನ ಹೆದರಿಕೆ

ಸಂವತ್ಸರಗಳು ಅರವತ್ತು. ಗುರುಗ್ರಹ ರಾಶಿಚಕ್ರವನ್ನು ಒಂದು ಸುತ್ತು ಬರಲು ಸುಮಾರು ಹನ್ನೆರಡು ವರ್ಷ, ಶನಿಗೆ ಸುಮಾರು ಮೂವತ್ತು. ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಸೇರಿದರೆ ಅರವತ್ತು. 1987ರ ಪ್ರಭವದಿಂದ ಶುರುವಾದ ಈಗಿನ ಚಕ್ರದಲ್ಲಿ ನಲವತ್ತನೆಯದು ಪರಾಭವ. 2026ರ ಮಾರ್ಚ್ 19ರಿಂದ 2027ರ ಏಪ್ರಿಲ್ 6ರವರೆಗೆ ಅದರ ಅವಧಿ. ನಡುವೆ ಅಧಿಕ ಜ್ಯೇಷ್ಠ ಇರುವುದರಿಂದ ಹದಿಮೂರು ತಿಂಗಳ ವರ್ಷ.

ಪರಾಭವ ಎಂದರೆ ಸೋಲು. ಅದಕ್ಕೇ ಈ ಹೆಸರು ಕೇಳಿ ಹಲವರ ಮುಖ ಸಪ್ಪಗಾಗುತ್ತದೆ. ನನಗೆ ಮಾತ್ರ ಇದು ಹಳೆಯ ನೆಂಟ. ಹಿಂದಿನ ಪರಾಭವ 1966-67ರದ್ದು. ನಾನು ಹುಟ್ಟಿದ್ದು ಅದರ ಪುಷ್ಯ ಮಾಸದಲ್ಲಿ, 1967ರ ಜನವರಿಯಲ್ಲಿ. "ಸೋಲಿನ ವರ್ಷ ಹುಟ್ಟಿದ ಕೂಸು" ಎಂದು ಸೋದರತ್ತೆಯೊಬ್ಬರು ಲೊಚಗುಟ್ಟಿದರಂತೆ. ಅದಕ್ಕೆ ಅಪ್ಪಯ್ಯ "ಪರಾಭವ ಅಂತ ಬರೆದಿದೆ ಅಷ್ಟೇ. ಯಾರದ್ದು ಅಂತ ಬರೆದಿಲ್ಲವಲ್ಲ" ಎಂದರಂತೆ. ಈ ಮಾತನ್ನು ಅಮ್ಮ ಇಂದಿಗೂ ಹೇಳುತ್ತಾಳೆ.

ಆ ಪರಾಭವದಲ್ಲಿ ಸೋತವರು ಯಾರು? 1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಆಗ ಕತಾರಿನಲ್ಲಿ ಓಡುತ್ತಿದ್ದ ಹಣವೂ ರೂಪಾಯಿಯೇ. ಭಾರತೀಯ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗಾಗಿಯೇ 1959ರಿಂದ ಬೇರೆ ನೋಟು ಅಚ್ಚು ಹಾಕುತ್ತಿತ್ತು. ಬೆಲೆ ಇಳಿದದ್ದೇ ತಡ, ಕತಾರ್ ಮತ್ತು ದುಬೈ ಆ ನೋಟನ್ನು ಕೈಬಿಟ್ಟು ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಮ್ಮದೇ ರಿಯಾಲ್ ಹೊರತಂದವು. ರೂಪಾಯಿಗೆ ಪರಾಭವ, ರಿಯಾಲಿಗೆ ಜನ್ಮ. ನಾನೂ ರಿಯಾಲೂ ಒಂದೇ ಸಂವತ್ಸರದವರು ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಇನ್ನೂ ಒಂದು ಮಾತು ಹೇಳಿದರೆ ಯಾರೂ ಬೇಸರಿಸಬಾರದು. 2001ರಲ್ಲಿ ನಾನು ದೋಹಾಕ್ಕೆ ಬಂದಾಗ ಒಂದು ರಿಯಾಲಿಗೆ ಸುಮಾರು ಹದಿಮೂರು ರೂಪಾಯಿ. 2025ರ ಕೊನೆಗೆ ಇಪ್ಪತ್ತನಾಲ್ಕರ ಆಸುಪಾಸು. ರೂಪಾಯಿ ಬಿದ್ದ ದಿನ ನಾವು ಎಕ್ಸ್‌ಚೇಂಜ್ ಮುಂದೆ ನಗುನಗುತ್ತಾ ಸಾಲು ನಿಲ್ಲುತ್ತೇವೆ. ಊರಿನವರಿಗೆ ಪೆಟ್ರೋಲು, ಎಣ್ಣೆ ತುಟ್ಟಿಯಾಗುವ ದಿನ ನಮಗೆ ಹಬ್ಬ. ಪರಾಭವ ಯಾರದ್ದು ಎಂದು ಅಪ್ಪಯ್ಯ ಕೇಳಿದ್ದು ಸುಮ್ಮನೆ ಅಲ್ಲ.

ಹಳೆಯ ಪಂಚಾಂಗಗಳ ಲೆಕ್ಕ

ರೋಗಿ ಬಂದಾಗ ಮೊದಲು ಹಳೆಯ ರಿಪೋರ್ಟು ನೋಡುವುದು ನಮ್ಮ ಪದ್ಧತಿ. ಸಂವತ್ಸರಗಳಿಗೂ ಅದನ್ನೇ ಮಾಡೋಣ.

2017ರದ್ದು ಹೇವಿಳಂಬಿ. ಆ ಜೂನ್ 5ರಂದು ನೆರೆಯ ರಾಷ್ಟ್ರಗಳು ಕತಾರಿಗೆ ದಾರಿ ಮುಚ್ಚಿದವು. ಹಾಲು, ಮೊಸರಿಗೆ ಅಂಗಡಿಗಳಲ್ಲಿ ನೂಕುನುಗ್ಗಲಾದದ್ದು, ಆಮೇಲೆ ಹಸುಗಳು ವಿಮಾನ ಹತ್ತಿ ಬಂದದ್ದು ನಿಮಗೆ ನೆನಪಿರಬಹುದು. 2020ರದ್ದು ಶಾರ್ವರಿ. ಶಾರ್ವರಿ ಎಂದರೆ ರಾತ್ರಿ. ಆ ಯುಗಾದಿ ಮಾರ್ಚ್ 25. ಭಾರತದಲ್ಲಿ ಲಾಕ್‌ಡೌನ್ ಶುರುವಾದದ್ದೂ ಅಂದೇ. "ನೋಡಿದಿರಾ, ಹೆಸರಿನಲ್ಲೇ ಕತ್ತಲೆ" ಎಂದು ಎಲ್ಲರೂ ಹೇಳಿದರು. ಆದರೆ ಮೂರೂವರೆ ವರ್ಷದ ದಿಗ್ಬಂಧನ ಅಲ್-ಉಲಾದಲ್ಲಿ ಮುಗಿದದ್ದು 2021ರ ಜನವರಿ 5ರಂದು, ಅದೇ ಶಾರ್ವರಿಯಲ್ಲಿ. ಅದನ್ನು ಯಾರೂ ಹೇಳಲಿಲ್ಲ.

ಮುಂದಿನದು ಪ್ಲವ, ದಾಟಿಸುವ ದೋಣಿ. ಇನ್ನು ದಡ ಸೇರಿದೆವು ಎಂದುಕೊಂಡೆವು. 2021ರ ಏಪ್ರಿಲ್-ಮೇ ತಿಂಗಳ ಎರಡನೇ ಅಲೆಯಲ್ಲಿ ಊರಿನಿಂದ ಬಂದ ಕರೆಗಳನ್ನು ನಾನು ಮರೆಯಲಾರೆ. "ಒಂದು ಹಾಸಿಗೆ ಸಿಗುತ್ತದೆಯೇ, ಒಂದು ಸಿಲಿಂಡರ್ ಸಿಗುತ್ತದೆಯೇ" ಎಂದು ಹಿರಿಯರು ಮಗುವಿನಂತೆ ಕೇಳುತ್ತಿದ್ದರು. ಶುಭಕೃತ್ ಮಾತ್ರ ಹೆಸರು ಉಳಿಸಿಕೊಂಡಿತು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ವಿಶ್ವಕಪ್ ಫುಟ್‌ಬಾಲ್ ಇಲ್ಲಿ ನಡೆಯಿತು. ವಿಶ್ವಾವಸು ಶುರುವಾದ 2025ರ ಮಾರ್ಚ್ 30ರಂದು ದೋಹಾದಲ್ಲಿ ಯುಗಾದಿ, ಈದ್ ಎರಡೂ ಒಂದೇ ದಿನ. ಬೆಳಿಗ್ಗೆ ಬೇವು-ಬೆಲ್ಲ ತಿಂದು ಮಧ್ಯಾಹ್ನ ಗೆಳೆಯರ ಮನೆಯ ಈದ್ ಊಟ ಉಂಡೆವು. ಎರಡೂ ಅಮಾವಾಸ್ಯೆ ಕಳೆದ ಮೇಲಿನ ಹಬ್ಬಗಳಾದ್ದರಿಂದ ಹೀಗೆ ಕೂಡುತ್ತವೆ. ನಾವು ಅಧಿಕ ಮಾಸ ಸೇರಿಸಿ ಋತುವಿನ ಜೊತೆ ಸರಿಹೊಂದಿಸಿಕೊಳ್ಳುತ್ತೇವೆ, ಹಿಜರಿ ಪಂಚಾಂಗದಲ್ಲಿ ಅದಿಲ್ಲ, ಅಷ್ಟೇ ವ್ಯತ್ಯಾಸ. ಅಷ್ಟು ಸೊಗಸಾಗಿ ಶುರುವಾದ ಆ ವರ್ಷವೇ ಜೂನ್ 23ರ ಸಂಜೆ ದೋಹಾದ ಆಕಾಶದಲ್ಲಿ ಕ್ಷಿಪಣಿಗಳನ್ನು ಕಂಡೆವು.

ಹೀಗಾಗಿ ಹೆಸರು ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ. ಪರಾಭವಕ್ಕೆ ರಾಜ ಗುರು, ಮಂತ್ರಿ ಕುಜ. ಯುಗಾದಿ ಯಾವ ವಾರವೋ ಆ ವಾರದ ಗ್ರಹ ರಾಜ. ಮೇಷ ಸಂಕ್ರಮಣ ಯಾವ ವಾರವೋ ಅದರ ಗ್ರಹ ಮಂತ್ರಿ. ಮಾರ್ಚ್ 19 ಗುರುವಾರ, ಏಪ್ರಿಲ್ 14 ಮಂಗಳವಾರ. ರಾಜ ಸಾತ್ವಿಕ, ಮಂತ್ರಿ ಮುಂಗೋಪಿ ಎಂದು ಅಪ್ಪಯ್ಯ ಇದನ್ನು ವಿವರಿಸುತ್ತಿದ್ದರು.

ದೋಹಾದ ರಾಹುಕಾಲ

ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದ್ದರಿಂದ ಕೈಕಟ್ಟಿ ಕುಳಿತರೆ ಮಾತ್ರ ಅಪಾಯ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ಒಂದು ಮಂಗಳವಾರ ನಮ್ಮವರೇ ಒಬ್ಬರಿಗೆ ಮಧ್ಯಾಹ್ನ ಮೂರಕ್ಕೆ ಎದೆ ಹಿಡಿದುಕೊಂಡಿತು. ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ಮೂರರಿಂದ ನಾಲ್ಕೂವರೆ. ಅದು ಕಳೆಯಲಿ ಎಂದು ಕಾದರು. ಬೆವರುತ್ತಾ ಆಸ್ಪತ್ರೆ ತಲುಪಿದಾಗ ಐದು ಗಂಟೆ ದಾಟಿತ್ತು. ಜೀವ ಉಳಿಯಿತು, ಆದರೆ ಹೃದಯದ ಒಂದು ಭಾಗ ಶಾಶ್ವತವಾಗಿ ದುರ್ಬಲವಾಯಿತು. ರಕ್ತನಾಳ ಕಟ್ಟಿಕೊಂಡ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಅದಕ್ಕೆ ವಾರ, ತಿಥಿ ಗೊತ್ತಿಲ್ಲ.

ಇನ್ನೂ ಕೇಳಿ. ಶಾಸ್ತ್ರದ ಪ್ರಕಾರವೇ ರಾಹುಕಾಲವೆಂದರೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತಿನ ಎಂಟನೇ ಒಂದು ಭಾಗ. ಕ್ಯಾಲೆಂಡರಿನವರು ಆರಕ್ಕೆ ಉದಯ, ಆರಕ್ಕೆ ಅಸ್ತ ಎಂದು ಇಟ್ಟುಕೊಂಡು ಅಚ್ಚು ಹಾಕುತ್ತಾರೆ. ಡಿಸೆಂಬರಿನ ದೋಹಾದಲ್ಲಿ ಸೂರ್ಯ ಐದಕ್ಕೆ ಮೊದಲೇ ಮುಳುಗುತ್ತಾನೆ. ಆ ಲೆಕ್ಕದಲ್ಲಿ ಅಂದಿನ ರಾಹುಕಾಲ ಮೂರೂವರೆಗೆ ಮೊದಲೇ ಮುಗಿದಿತ್ತು! ಊರಿನ ಕ್ಯಾಲೆಂಡರಿನ ರಾಹುವಿಗಾಗಿ ಅವರು ಇನ್ನೊಂದು ತಾಸು ಕಾದರು. ಎದೆನೋವು ಬಂದರೆ ದಯವಿಟ್ಟು ಕ್ಯಾಲೆಂಡರ್ ನೋಡಬೇಡಿ, 999ಕ್ಕೆ ಫೋನ್ ಮಾಡಿ. (ಸಂಪಾದಕರು ಬೇಡವೆಂದರೂ ಆರೋಗ್ಯದ ಮಾತು ನುಸುಳಿಯೇ ಬಿಟ್ಟಿತು, ಕ್ಷಮಿಸಬೇಕು.)

ನಮ್ಮ ಆಯ-ವ್ಯಯ

ಹಾಗಾದರೆ ಪರಾಭವದ ಫಲವೇನು? ಯುದ್ಧ, ಮಳೆ, ಚಿನ್ನದ ಬೆಲೆ ನನಗೆ ತಿಳಿಯದು. ಆದರೆ ನಮ್ಮ ಸಮಾಜದಲ್ಲಿ ಆಗುತ್ತಿರುವ ಕೆಲವು ಬದಲಾವಣೆಗಳನ್ನು ಹೇಳಲು ಗ್ರಹಗಳ ಸಹಾಯ ಬೇಕಿಲ್ಲ.

ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಆರಂಭದಲ್ಲಿ ಬಂದ ನಮ್ಮ ತಲೆಮಾರು ಈಗ ಗಂಟುಮೂಟೆ ಕಟ್ಟುವ ಕಾಲ. ಅಶೋಕ ಹಾಲ್‌ನ ವೇದಿಕೆಯಲ್ಲಿ ಕಾಮನಬಿಲ್ಲಿನ ಬಟ್ಟೆ ತೊಟ್ಟು ಕುಣಿದ ಮಕ್ಕಳು ಕೆನಡಾ, ಜರ್ಮನಿ, ಬೆಂಗಳೂರು ಎಂದು ಚದುರಿದ್ದಾರೆ. ಹೊಸದಾಗಿ ಬರುವ ಯುವಕರು ಎರಡು-ಮೂರು ವರ್ಷದ ಕೆಲಸ ಮುಗಿಸಿ ಬೇರೆ ದೇಶಕ್ಕೆ ಹೊರಡುತ್ತಾರೆ. ಊರಿನಲ್ಲಿ ನಮ್ಮ ಹಿರಿಯರು ದೊಡ್ಡ ಮನೆ, ಸಿಸಿಟಿವಿ ಕ್ಯಾಮೆರಾ ಮತ್ತು ವಾಟ್ಸಾಪ್ ಜೊತೆ ಒಂಟಿಯಾಗಿದ್ದಾರೆ. ದೂರದಿಂದ ಹಣ ಕಳಿಸಬಹುದು, ಔಷಧಿ ಹೇಳಬಹುದು. ಬಚ್ಚಲಲ್ಲಿ ಜಾರಿ ಬಿದ್ದವರನ್ನು ಎತ್ತಲು ಆಗುವುದಿಲ್ಲ.

ಒಂದು ರಾತ್ರಿ ನನ್ನದೇ ಆಯ-ವ್ಯಯ ಬರೆಯಲು ಕುಳಿತೆ. ಆಯದ ಕಡೆ ಬರೆಯಲು ಬಹಳವಿತ್ತು. ಮಕ್ಕಳ ಓದು, ತಂಗಿಯ ಮದುವೆ, ಊರಿನ ಮನೆಗೆ ತಾರಸಿ. ವ್ಯಯದ ಕಡೆ ಒಂದೇ ಲೆಕ್ಕ ಬರೆದೆ. ಇಪ್ಪತ್ತನಾಲ್ಕು ವರ್ಷ, ವರ್ಷಕ್ಕೆ ರಜೆಯಲ್ಲಿ ಅಮ್ಮನ ಬಳಿ ಇದ್ದದ್ದು ಹೆಚ್ಚೆಂದರೆ ಇಪ್ಪತ್ತು ದಿನ. ಒಟ್ಟು ನಾನೂರ ಎಂಬತ್ತು ದಿನ, ಹದಿನಾರು ತಿಂಗಳು. ಅಪ್ಪಯ್ಯ ತೀರಿಕೊಂಡದ್ದು ಆ ಹದಿನಾರು ತಿಂಗಳಲ್ಲಿ ಸೇರಿಲ್ಲ. ಟಿಕೆಟ್ ಸಿಕ್ಕಿ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮನಿಗೆ ಎಂಬತ್ತು ದಾಟಿದೆ. ಹೀಗೇ ಇನ್ನೈದು ವರ್ಷ ನಡೆದರೆ ನಮ್ಮಿಬ್ಬರ ಪಾಲಿಗೆ ಸಿಗುವುದು ನೂರು ದಿನ. ಇದು ಯಾವ ಜ್ಯೋತಿಷಿಯೂ ಹೇಳಬೇಕಾದ ಭವಿಷ್ಯವಲ್ಲ, ಬರೀ ಗುಣಾಕಾರ.

ರೋಗಿಗೆ "ಹೀಗೇ ಸಕ್ಕರೆ ಏರುತ್ತಿದ್ದರೆ ಮೂತ್ರಪಿಂಡ ಹೋಗುತ್ತದೆ" ಎಂದು ನಾನು ಹೇಳುವುದೂ ಭವಿಷ್ಯವೇ. ಆದರೆ ಅದು ನಿಜವಾಗಲಿ ಎಂದು ಹೇಳುವುದಿಲ್ಲ, ಸುಳ್ಳಾಗಲಿ ಎಂದೇ ಹೇಳುತ್ತೇನೆ. ಅಪ್ಪಯ್ಯನ ಪಂಚಾಂಗವೂ ಹಾಗೇ ಇತ್ತು ಎಂದು ಈಗ ಅನ್ನಿಸುತ್ತದೆ. "ಮಳೆ ಕಡಿಮೆ ಅಂತಿದೆ, ಕೆರೆಯ ಹೂಳು ತೆಗೆಯಿರಿ" ಎಂದು ಅವರು ಕೊನೆಯಲ್ಲಿ ಸೇರಿಸುತ್ತಿದ್ದರು. ಆ ಸಾಲು ಪಂಚಾಂಗದಲ್ಲಿ ಇರುತ್ತಿರಲಿಲ್ಲ.

ಅರವತ್ತಾದ ಮೇಲೆ ನನ್ನ ಕೆಲಸವನ್ನು ವರ್ಷ ವರ್ಷ ನವೀಕರಿಸಿಕೊಳ್ಳಬಹುದು. "ಇನ್ನೊಂದು ವರ್ಷ ನೋಡೋಣ" ಎಂದು ಮುಂದೂಡುವುದು ನಮ್ಮೆಲ್ಲರಿಗೂ ಅಭ್ಯಾಸ. ನಾನು ಮತ್ತು ನನ್ನ ಹೆಂಡತಿ ಈ ಸಲ ನವೀಕರಿಸದಿರಲು ನಿರ್ಧರಿಸಿದ್ದೇವೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರಾಭವದಲ್ಲಿ ಹೋದವ ಅಲ್ಲ ನೀನು, ಪರಾಭವದಲ್ಲಿ ಬಂದವ. ಈಗಲೂ ಹಾಗೇ ಬಾ ಮಾರಾಯ" ಎಂದಳು. ಆಮೇಲೆ, "ಅಲ್ಲಿಯ ಮನೆ ಬಾಡಿಗೆ ಮುಂಗಡ ವಾಪಸು ಕೊಡ್ತಾರಾ?" ಎಂದೂ ಕೇಳಿದಳು. ವ್ಯವಹಾರ ಜ್ಞಾನ ಎಂಬತ್ತರಲ್ಲೂ ಕುಂದಿಲ್ಲ.

ಎಲ್ಲರೂ ಗಂಟುಮೂಟೆ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಒಬ್ಬೊಬ್ಬರ ಮನೆಯ ಲೆಕ್ಕ ಒಂದೊಂದು. ಬೇವು-ಬೆಲ್ಲ ತಿನ್ನುವ ದಿನ ಒಂದು ಹಾಳೆ ತೆಗೆದುಕೊಂಡು ನಿಮ್ಮ ಆಯ-ವ್ಯಯ ನೀವೇ ಬರೆದುಕೊಳ್ಳಿ, ರಿಯಾಲಿನಲ್ಲಿ ಒಮ್ಮೆ, ದಿನಗಳಲ್ಲಿ ಇನ್ನೊಮ್ಮೆ. ಪರಾಭವ ಯಾರದ್ದು ಎಂಬ ಜಾಗ ಇನ್ನೂ ಖಾಲಿ ಇದೆ. ಅಲ್ಲಿ ನಮ್ಮ ಆಲಸ್ಯದ ಹೆಸರು ಬರಲಿ, ನಮ್ಮ ಹಿರಿಯರ ಹೆಸರು ಬಾರದಿರಲಿ.

ಕತಾರಿನ ಸಮಸ್ತ ಕನ್ನಡ ಕುಟುಂಬಗಳಿಗೂ ಶುಭವಾಗಲಿ.