ಗಾಳದವರ ಪಂಚಾಂಗ

ಏಪ್ರಿಲ್ ಬಂತೆಂದರೆ ಡೆಲವೇರ್ ನದಿಗೆ ಶ್ಯಾಡ್ ಮೀನು ಏರುತ್ತದೆ. ಅಟ್ಲಾಂಟಿಕ್ ಸಾಗರದಲ್ಲಿ ವರ್ಷಗಟ್ಟಲೆ ಬೆಳೆದು, ಹುಟ್ಟಿದ ಹೊಳೆಯಲ್ಲೇ ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಈಜಿ ಬರುವ ಮೀನಿದು. ಮೊದಲ ಮಳೆಗೆ ತೋಡು, ಗದ್ದೆಗಳಿಗೆ ಹತ್ತುವ ಹತ್ತುಮೀನನ್ನು ಕಂಡಿರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮೀನನ್ನು ಮುಂಗಾರು ಕರೆಯುತ್ತದೆ. ಇಲ್ಲಿ ಚಳಿ ಇಳಿದು ನೀರು ಬೆಚ್ಚಗಾಗುವುದೇ ಕರೆ.

ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಎಂದರೆ ನಮ್ಮವರ ಕಣ್ಣಿಗೆ ಮೊದಲು ಕಾಣುವುದು ಗಗನಚುಂಬಿ ಕಟ್ಟಡ, ಸಾಫ್ಟ್‌ವೇರ್ ಕಚೇರಿ. ಅದರ ನಡುವೆಯೇ ಹಡ್ಸನ್, ಡೆಲವೇರ್, ರ‍್ಯಾರಿಟನ್ ನದಿಗಳಿವೆ. ಹೊಪ್ಯಾಟ್‌ಕಾಂಗ್, ಗ್ರೀನ್‌ವುಡ್‌ನಂಥ ದೊಡ್ಡ ಕೆರೆಗಳಿವೆ. ಇವುಗಳ ದಡದಲ್ಲಿ ಗಾಳ ಹಾಕಿ ಕೂರುವವರಿಗೆ ತಮ್ಮದೇ ಒಂದು ಪಂಚಾಂಗವಿದೆ. ಅದನ್ನು ಬರೆದಿರುವುದು ಮೀನಿನ ಸಂತಾನಕಾಲ. ಯಾವಾಗ ಹಿಡಿಯಬೇಕು ಎಂಬುದಕ್ಕಿಂತ ಯಾವಾಗ ಬಿಡಬೇಕು ಎಂಬುದೇ ಅದರಲ್ಲಿ ಮುಖ್ಯ.

ಶ್ಯಾಡ್ ಮೀನಿನ ಬಾಯಿ ತೀರ ತೆಳು. ಗಾಳ ಕಚ್ಚಿದೊಡನೆ ಜಗ್ಗಿದರೆ ಬಾಯಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ದಾರ ಬಿಟ್ಟು, ಎಳೆದು, ಮತ್ತೆ ಬಿಟ್ಟು ಅದನ್ನು ದಣಿಸುವುದೇ ಇಲ್ಲಿ ಕಲಿಯಬೇಕಾದ ವಿದ್ಯೆ. ಲ್ಯಾಂಬರ್ಟ್‌ವಿಲ್ ಊರಿನ ಬಳಿಯ ಪುಟ್ಟ ದ್ವೀಪದಲ್ಲಿ ಲೂಯಿಸ್ ಮನೆತನದವರು 1888ರಿಂದ ಶ್ಯಾಡ್‌ಗೆ ಬಲೆ ಬೀಸುತ್ತಿದ್ದಾರೆ. ಕಳೆದ ಶತಮಾನದ ನಡುವಿನ ಹೊತ್ತಿಗೆ ಆ ಬಲೆಗೆ ಮೀನು ಬೀಳುವುದೇ ಅಪರೂಪವಾಗಿತ್ತು. ಫಿಲಡೆಲ್ಫಿಯಾ ಸುತ್ತಿನ ಚರಂಡಿ ನೀರು, ಕಾರ್ಖಾನೆಗಳ ಕೊಳೆ ನದಿಗೆ ಸೇರಿ ನೀರಿನ ಆಮ್ಲಜನಕವೇ ಬತ್ತಿತ್ತು. ಕಡಲಿಂದ ಬಂದ ಮೀನಿಗೆ ಆ ಭಾಗ ದಾಟಲು ಆಗುತ್ತಿರಲಿಲ್ಲ. ಕೊಳೆ ನೀರು ಶುದ್ಧೀಕರಿಸುವ ಘಟಕಗಳು ಬಂದವು, 1972ರ ಶುದ್ಧ ಜಲ ಕಾಯ್ದೆ ಬಂತು, ಶ್ಯಾಡ್ ಮರಳಿತು. ಇನ್ನೊಂದು ಕಾರಣವನ್ನೂ ಮರೆಯುವಂತಿಲ್ಲ. 1962ರಲ್ಲಿ ಮಂಜೂರಾಗಿದ್ದ ಟಾಕ್ಸ್ ಐಲ್ಯಾಂಡ್ ಅಣೆಕಟ್ಟನ್ನು ಜನ ವಿರೋಧಿಸಿ ನಿಲ್ಲಿಸಿದ್ದರಿಂದ, ಸುಮಾರು 530 ಕಿಲೋಮೀಟರ್ ಉದ್ದದ ಮುಖ್ಯ ನದಿಗೆ ಇಂದಿಗೂ ಒಂದೂ ಅಣೆಕಟ್ಟಿಲ್ಲ.

ಮೇ ತಿಂಗಳಲ್ಲಿ ಕೆರೆಗಳ ಸರದಿ. ಗಂಡು ಬಾಸ್ ಮೀನು ದಡದ ಬಳಿ ಬಾಲದಿಂದ ಕೆಸರು ಗುಡಿಸಿ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಕಾವಲು ಗಂಡಿನದೇ. ಆ ಹೊತ್ತಿನಲ್ಲಿ ಅದು ಹತ್ತಿರ ಸುಳಿದ ಯಾವುದರ ಮೇಲೂ ಎರಗುವುದರಿಂದ ಗಾಳಕ್ಕೆ ಸುಲಭದ ತುತ್ತು. ಅದನ್ನು ಎತ್ತಿಕೊಂಡು ಹೋದರೆ, ಕಾದುಕೊಂಡಿದ್ದ ಸನ್‌ಫಿಶ್‌ಗಳು ಮೊಟ್ಟೆಗಳನ್ನೆಲ್ಲ ತಿಂದು ಮುಗಿಸುತ್ತವೆ. ಅದಕ್ಕಾಗಿಯೇ ನ್ಯೂಜೆರ್ಸಿಯಲ್ಲಿ ಏಪ್ರಿಲ್ 15ರಿಂದ ಜೂನ್ 15ರವರೆಗೆ ಗಾಳಕ್ಕೆ ಬಿದ್ದ ಬಾಸ್ ಅನ್ನು ತಕ್ಷಣ ನೀರಿಗೆ ಬಿಡಬೇಕೆಂಬ ನಿಯಮವಿದೆ.

ಬೇಸಿಗೆಯಲ್ಲಿ ತಾಳ್ಮೆಯವರು ಹುಡುಕುವುದು ಕಾರ್ಪ್ ಅನ್ನು. ನಮ್ಮ ಕೆರೆಗಳಲ್ಲೂ ಸಾಕುವ ಸಾಮಾನ್ಯ ಗೆಂಡೆಯೇ ಅದು. ಒಂದೂವರೆ ಶತಮಾನದ ಹಿಂದೆ ಅಮೆರಿಕದ ಸರ್ಕಾರವೇ ಅದನ್ನು ಜರ್ಮನಿಯಿಂದ ತರಿಸಿ ದೇಶವಿಡೀ ಹಂಚಿತು. ಆಮೇಲೆ ಕೆಸರು ಕೆದಕುವ ಮೀನೆಂದು ಇಲ್ಲಿನವರು ಅದನ್ನು ಕಡೆಗಣಿಸಿದರೂ, ಯುರೋಪಿನ ರೀತಿ ಬಲ್ಲ ಗಾಳದವರಿಗೆ ಅದರ ಬೆಲೆ ಗೊತ್ತು. ಮೆಕ್ಕೆಜೋಳದ ಕಾಳೋ ಹಿಟ್ಟಿನ ಉಂಡೆಯೋ ಗಾಳಕ್ಕೆ ಸಿಕ್ಕಿಸಿ, ನೀರಿನ ಮೇಲಿನ ಬೆಂಡನ್ನೇ ನೋಡುತ್ತ ಕೂರುತ್ತಾರೆ. ಕಾರ್ಪ್ ಅನುಮಾನದ ಮೀನು; ಎರೆಯನ್ನು ಬಾಯಿಗೆ ಹಾಕಿ, ಉಗುಳಿ, ಮತ್ತೆ ಹಾಕಿಕೊಳ್ಳುತ್ತದೆ. ಬೆಂಡಿನ ಸಣ್ಣ ನಡುಕ ಯಾವುದು, ನಿಜವಾಗಿ ಕಚ್ಚಿದ್ದು ಯಾವುದು ಎಂದು ತಿಳಿಯಲು ವರ್ಷಗಳ ಅಭ್ಯಾಸ ಬೇಕು.

ಹಿಡಿದ ಮೀನನ್ನು ಬಿಡುವುದಕ್ಕೂ ಕ್ರಮವಿದೆ. ಮೈಮೇಲಿನ ಲೋಳೆಯೇ ಮೀನಿಗೆ ರಕ್ಷಣೆ. ಒಣಗೈಯಲ್ಲಿ ಹಿಡಿದರೆ ಅದು ಕಿತ್ತುಬಂದು ರೋಗ ತಗಲುತ್ತದೆ. ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಮುಳ್ಳಿಲ್ಲದ ಗಾಳವಾದರೆ ಬಾಯಿಗೆ ಹೆಚ್ಚು ಗಾಯವಾಗದಂತೆ ಬಿಡಿಸಬಹುದು. ಬಿಸಿಲು ಏರಿ ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟ್‌ಗೆ ಗಾಳ ಹಾಕುವುದನ್ನೇ ತಿಳಿದವರು ನಿಲ್ಲಿಸುತ್ತಾರೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಹೋರಾಡಿ ದಣಿದ ಮೀನು ಬಿಟ್ಟರೂ ಉಳಿಯದೆ ಹೋಗಬಹುದು.

ಹಡ್ಸನ್ ನದಿಯಲ್ಲಿ ಮಾತ್ರ ಮೀನು ಬಿಡುವುದರ ಹಿಂದೆ ಒಂದು ಕಹಿ ಕಥೆಯಿದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ 1947ರಿಂದ 1977ರವರೆಗೆ ಪಿಸಿಬಿ ಎಂಬ ವಿಷ ರಾಸಾಯನಿಕ ಲಕ್ಷಾಂತರ ಕಿಲೋ ಲೆಕ್ಕದಲ್ಲಿ ಈ ನದಿ ಸೇರಿತು. ಅದು ಕೆಸರಿನಲ್ಲಿ ಕೂತು, ಹುಳುವಿನಿಂದ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಏರಿತು. 1976ರಲ್ಲಿ ನದಿಯ ಮೇಲ್ಭಾಗದಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಲಾಯಿತು. 1995ರಲ್ಲಿ ಮತ್ತೆ ಅವಕಾಶ ಸಿಕ್ಕರೂ, ಹಿಡಿದದ್ದನ್ನು ಬಿಡಲೇಬೇಕೆಂಬ ಷರತ್ತಿನ ಮೇಲೆ. 2009ರಿಂದ 2015ರವರೆಗೆ ಹೂಳೆತ್ತಿದ ಮೇಲೂ ಆ ಷರತ್ತು ಹೋಗಿಲ್ಲ. ಮೂವತ್ತು ವರ್ಷದ ಲಾಭಕ್ಕೆ ತಲೆಮಾರುಗಳ ಊಟ ಹಾಳಾಯಿತು.

ಚಳಿಗಾಲದಲ್ಲೂ ಗಾಳದವರು ಮನೆಯಲ್ಲಿ ಕೂರುವುದಿಲ್ಲ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಹಾಗಾಗಿ ಕೆರೆಯ ಮೇಲ್ಪದರ ಹೆಪ್ಪುಗಟ್ಟಿದರೂ ತಳದಲ್ಲಿ ಅಷ್ಟು ಬೆಚ್ಚನೆಯ ನೀರಿರುತ್ತದೆ, ಮೀನು ಬದುಕಿರುತ್ತದೆ. ಗಟ್ಟಿ ಮಂಜುಗಡ್ಡೆ ಕನಿಷ್ಠ ನಾಲ್ಕು ಅಂಗುಲ ದಪ್ಪವಿರುವುದನ್ನು ಅಳೆದು ನೋಡಿ, ಅದರಲ್ಲಿ ರಂಧ್ರ ಕೊರೆದು ಪರ್ಚ್, ಪಿಕರೆಲ್ ಮೀನುಗಳಿಗೆ ದಾರ ಇಳಿಸುತ್ತಾರೆ.

ಇಷ್ಟಕ್ಕೂ ಈ ಮೀನುಗಳನ್ನು ಕಾಪಾಡುವ ಖರ್ಚು ಯಾರದು? ಗಾಳದವರದೇ. ಎರಡೂ ರಾಜ್ಯಗಳಲ್ಲಿ 16 ವರ್ಷ ತುಂಬಿದವರು ಸಿಹಿನೀರಿನಲ್ಲಿ ಮೀನು ಹಿಡಿಯಲು ಪರವಾನಗಿ ಕೊಳ್ಳಬೇಕು. 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯಂತೆ ಗಾಳದ ಕೋಲು, ರೀಲುಗಳ ಮೇಲಿನ ತೆರಿಗೆ ಮೀನು ಸಂರಕ್ಷಣೆಗೆಂದೇ ರಾಜ್ಯಗಳಿಗೆ ಹೋಗುತ್ತದೆ. 1912ರಿಂದ ನಡೆದು ಬಂದಿರುವ ನ್ಯೂಜೆರ್ಸಿಯ ಹ್ಯಾಕೆಟ್ಸ್‌ಟೌನ್ ಮೀನುಮರಿ ಕೇಂದ್ರದಂಥವು ಕೆರೆಗಳಿಗೆ ಮರಿಗಳನ್ನು ಒದಗಿಸುತ್ತವೆ. ಬೇಸಿಗೆಗೆ ಮಕ್ಕಳ ಮನೆಗೆ ಬರುವ ನಮ್ಮ ಹಿರಿಯರು ಮೊಮ್ಮಕ್ಕಳೊಂದಿಗೆ ಇದರ ರುಚಿ ನೋಡಬೇಕೆಂದರೆ, ನ್ಯೂಯಾರ್ಕ್ ಸೆಂಟ್ರಲ್ ಪಾರ್ಕಿನ ಹಾರ್ಲೆಮ್ ಮೀರ್ ಕೊಳದ ಬಳಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಗಾಳದ ಕೋಲನ್ನು ಉಚಿತವಾಗಿ ಎರವಲು ಕೊಡುವ ಏರ್ಪಾಡಿದೆ. ಅಲ್ಲಿಯೂ ಹಿಡಿದ ಮೀನನ್ನು ಬಿಟ್ಟುಬರಬೇಕು. ಸೀಸದ ಗುಂಡು ಕಟ್ಟುವಂತಿಲ್ಲ.

ಗಾಳದ ವಿದ್ಯೆ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಬರೆದು, ಮೀನಿನ ಬಗೆಗಳನ್ನು, ಅವುಗಳಿಗೆ ಹಾಕುವ ಆಹಾರವನ್ನು, ಗಾಳ ಹಾಕುವ ಬಗೆಯನ್ನು ವಿವರಿಸಿದ್ದಾನೆ. ಜೂನ್-ಜುಲೈಯಲ್ಲಿ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ನಿಲ್ಲುವ 61 ದಿನಗಳ ನಿಯಮವೂ ನಮಗೆ ಗೊತ್ತು. ಆ ಶಿಸ್ತು ಒಳನಾಡಿನ ಹೊಳೆ-ಹಳ್ಳಗಳ ದಡಕ್ಕೂ ಗಟ್ಟಿಯಾಗಿ ಬರಬೇಕು. ಕಾವೇರಿಯ ಡುಬ್ಬದ ಮಶೀರ್ ಮೀನು 2018ರಲ್ಲಿ ಅಳಿವಿನಂಚಿನ ತೀರ ಗಂಭೀರ ಪಟ್ಟಿಗೆ ಸೇರಿದೆ. ಗಾಳ ಹಾಕುವವರು ಕೊಡುವ ಹಣ ಹೊಳೆಗೇ ಮರಳಲಿ, ಸಂತಾನಕಾಲದಲ್ಲಿ ಅವರೇ ಮೀನಿಗೆ ಕಾವಲಾಗಲಿ. ಹೊಳೆಯಲ್ಲಿ ಮೀನಿರಬೇಕೆಂಬ ಆಸೆ ಅವರಿಗಿಂತ ಹೆಚ್ಚು ಇನ್ನಾರಿಗೆ ಇದ್ದೀತು?